ಪಾಠದ ಕೋಣೆಯಿಂದ ಸದನಕ್ಕೆ: ಹೈದರಾಬಾದ್ ಮತ್ತು ಕನ್ನಡ ಪ್ರದೇಶಗಳ ಶಿಕ್ಷಕ ರಾಜಕಾರಣಿಗಳು

ಪಾಠ ಹೇಳುವ ಕೆಲಸದಿಂದ ಬಂದು ಚಳವಳಿ, ಚುನಾವಣೆ, ಸಂಪುಟಗಳಲ್ಲಿ ನೆಲೆ ಕಂಡವರನ್ನು ಈ ಲೇಖನದಲ್ಲಿ ಶಿಕ್ಷಕ ರಾಜಕಾರಣಿಗಳು ಎಂದು ಕರೆಯಲಾಗಿದೆ. ಹಳ್ಳಿ ಶಾಲೆಯ ಮೇಷ್ಟ್ರಿಂದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರವರೆಗೆ ಎಲ್ಲರೂ ಇದರಲ್ಲಿ ಸೇರುತ್ತಾರೆ. ಶಾಲೆ ಕಟ್ಟಿಸಿ ಆಡಳಿತ ಮಂಡಳಿಯ ಕುರ್ಚಿಯಲ್ಲಿ ಕೂತವರು ಸೇರುವುದಿಲ್ಲ. ಕಪ್ಪು ಹಲಗೆಯ ಮುಂದೆ ನಿಂತವರನ್ನೂ ಸಂಬಳದ ಪಟ್ಟಿಗೆ ಸಹಿ ಹಾಕುವವರನ್ನೂ ಒಂದೇ ಗುಂಪಿಗೆ ಹಾಕುವುದು ಚುನಾವಣೆಯ ಹೊತ್ತಿನ ರೂಢಿ. ಆ ರೂಢಿಯಿಂದಲೇ ಈ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟಿದೆ.

ಕನ್ನಡ ನಾಡಿನಲ್ಲೂ ಹಿಂದಿನ ಹೈದರಾಬಾದ್ ಸಂಸ್ಥಾನದಲ್ಲೂ ಶಿಕ್ಷಕರು ರಾಜಕೀಯಕ್ಕೆ ಬಂದ ದಾರಿಗಳು ಮುಖ್ಯವಾಗಿ ಮೂರು. ಚಳವಳಿ ಕರೆದಾಗ ಶಾಲೆ ಬಿಟ್ಟು ಹೊರಟವರು ಕೆಲವರು. ವಿದ್ವತ್ತಿನ ಹೆಸರಿನ ಮೇಲೆ ಪಕ್ಷಗಳು ಕರೆದುಕೊಂಡು ಬಂದವರು ಕೆಲವರು. ಮೂರನೆಯದು ಸಂವಿಧಾನವೇ ಹಾಕಿಕೊಟ್ಟ ದಾರಿ, ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ. ಶಿಕ್ಷಕರಿಗೆಂದೇ ಮಾಡಿದ ಈ ಮೂರನೆಯ ದಾರಿಯಲ್ಲಿ ಇವತ್ತು ಶಿಕ್ಷಕರು ಮತದಾರರಾಗಿ ಮಾತ್ರ ಹೆಚ್ಚು ಕಾಣುತ್ತಾರೆ. ಹೆಸರು ಉಳಿಯುವಂಥವರು ಮೊದಲ ದಾರಿಯಿಂದ ಬಂದವರು.

ಮಿಯಾಪುರದಿಂದ ಕಲಬುರಗಿಯವರೆಗೆ

ಮಿಯಾಪುರ ಹೈದರಾಬಾದಿನ ವಾಯವ್ಯ ಅಂಚಿನಲ್ಲಿದೆ. 2017ರ ನವೆಂಬರಿನಲ್ಲಿ ನಗರದ ಮೆಟ್ರೊ ಉದ್ಘಾಟನೆಯಾದದ್ದು ಇಲ್ಲಿಯೇ. ಇಲ್ಲಿಂದ ಪಶ್ಚಿಮಕ್ಕೆ ಹೋಗುವ ಮುಂಬೈ ಹೆದ್ದಾರಿ ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಬೀದರ್ ಜಿಲ್ಲೆಯನ್ನು ಹೊಕ್ಕು ಹುಮನಾಬಾದಿಗೆ ಮುಟ್ಟುತ್ತದೆ. ಈಗ ನಡುವೆ ಒಂದು ರಾಜ್ಯದ ಗಡಿ ಇದೆ. 1956ರ ಅಕ್ಟೋಬರ್ 31ರವರೆಗೆ ಅದು ಇರಲಿಲ್ಲ. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಚೇರಿಯೂ ಕೋರ್ಟೂ ಕಾಲೇಜೂ ಹೈದರಾಬಾದಿನಲ್ಲೇ ಇದ್ದುದರಿಂದ ಕನ್ನಡಿಗರು ಈ ರಸ್ತೆಯಲ್ಲಿ ಬಂದುಹೋಗುವುದು ಅಂದಿನಿಂದಲೇ ಬೆಳೆದ ಬಳಕೆ.

ನಿಜಾಮರ ಆಳ್ವಿಕೆಯಲ್ಲಿ ಸಭೆ ಸೇರುವುದು ಸುಲಭವಿರಲಿಲ್ಲ. ಗಸ್ತಿ ನಿಶಾನ್ 53 ಎಂದು ಜನ ನೆನಪಿಟ್ಟುಕೊಂಡಿರುವ ಸುತ್ತೋಲೆಯ ಪ್ರಕಾರ ಸಾರ್ವಜನಿಕ ಸಭೆಗೆ ಮುಂಚಿತ ಅನುಮತಿ ಬೇಕಿತ್ತು. ಖಾಸಗಿ ಶಾಲೆ ತೆರೆಯಲೂ ಒಪ್ಪಿಗೆ ಬೇಕಿತ್ತು. ಶಿಕ್ಷಣ ಮಾಧ್ಯಮ ಉರ್ದು. ಇಂಥ ಕಡೆ ಕನ್ನಡ, ಮರಾಠಿ, ತೆಲುಗು ಕಲಿಸುವ ಒಂದು ಶಾಲೆ ನಡೆಸುವುದೇ ರಾಜಕೀಯ ಕೆಲಸವಾಗಿಬಿಡುತ್ತಿತ್ತು. ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ನಡೆಸಿದ ಹಮ್‌ದರ್ದ್ ಶಾಲೆ ಇಂಥವು. ಮುಂದೆ ಬಂದ ಸ್ವಾತಂತ್ರ್ಯ ಹೋರಾಟಕ್ಕೆ ಹುಡುಗರು ಸಿಕ್ಕಿದ್ದು ಇಂಥ ಶಾಲೆಗಳಿಂದ. ಬೇರೆ ಪ್ರಾಂತ್ಯಗಳಲ್ಲಿ ವಕೀಲರು ವಹಿಸಿದ ಪಾತ್ರವನ್ನು ಇಲ್ಲಿ ಹಲವು ಊರುಗಳಲ್ಲಿ ಮೇಷ್ಟ್ರುಗಳು ವಹಿಸಿದ್ದರ ಹಿಂದಿನ ಕಾರಣ ಇದು.

ಈ ಪರಂಪರೆಯ ದೊಡ್ಡ ಹೆಸರು ಸ್ವಾಮಿ ರಮಾನಂದ ತೀರ್ಥರದು (1903–1972). ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗಿಕರ. ಹುಟ್ಟಿದ್ದು ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಕಾರ್ಮಿಕ ನಾಯಕ ಎನ್.ಎಂ. ಜೋಶಿ ಅವರ ಜೊತೆ ಕೆಲಸ ಮಾಡುತ್ತಿದ್ದ ಯುವಕ ಆರೋಗ್ಯ ಕೆಟ್ಟು ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಬಂದರು, ಅಲ್ಲಿ ಮುಖ್ಯೋಪಾಧ್ಯಾಯರಾದರು, ಸಂನ್ಯಾಸವನ್ನೂ ತೆಗೆದುಕೊಂಡರು. ನಂತರ ಮೋಮಿನಾಬಾದಿನಲ್ಲಿ, ಅಂದರೆ ಈಗಿನ ಅಂಬಾಜೋಗಾಯಿಯಲ್ಲಿ, ಯೋಗೇಶ್ವರಿ ಶಾಲೆಯನ್ನು ಕಟ್ಟಿ ಬೆಳೆಸಿದರು. ಕಾವಿ ತೊಟ್ಟ ಹೆಡ್‌ಮಾಸ್ತರರನ್ನು ನಿಜಾಮರ ಪೊಲೀಸರು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದೆ ಕೆಲಕಾಲ ಸುಮ್ಮನಿದ್ದಿರಬೇಕು.

1938 ಎಲ್ಲವನ್ನೂ ಬದಲಾಯಿಸಿತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಅದು ಸರಿಯಾಗಿ ಹುಟ್ಟುವ ಮೊದಲೇ ಸರ್ಕಾರ ನಿಷೇಧಿಸಿತು. ಆ ವರ್ಷವೇ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಲು ಹೋಗಿ ಹೊರಹಾಕಿಸಿಕೊಂಡರು. ಆಗ ಹೊರಬಿದ್ದು ನಾಗಪುರಕ್ಕೆ ಹೋದವರಲ್ಲಿ ಪಿ.ವಿ. ನರಸಿಂಹ ರಾವ್ ಒಬ್ಬರು. ರಮಾನಂದ ತೀರ್ಥರು ಶಾಲೆ ಬಿಟ್ಟು ಸತ್ಯಾಗ್ರಹಕ್ಕೆ ಇಳಿದು ಜೈಲು ಸೇರಿದರು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಭಾರತದ ಧ್ವಜ ಹಾರಿಸಿ ಮತ್ತೆ ಬಂಧನಕ್ಕೊಳಗಾದರು. ಅವರ ಸೆರೆವಾಸ ಕೊನೆಗೂ ಮುಗಿದದ್ದು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ.

1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಅವರು ಗುಲ್ಬರ್ಗಾದಿಂದ ಗೆದ್ದರು, 1957ರಲ್ಲಿ ಔರಂಗಾಬಾದಿನಿಂದ. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿ ಊರುಗಳಲ್ಲಿ ಪಾಠ ಹೇಳಿ, ಉರ್ದು ರಾಜಧಾನಿಯಲ್ಲಿ ಹೋರಾಡಿ, ಕನ್ನಡ ಕ್ಷೇತ್ರವನ್ನೂ ಮರಾಠಿ ಕ್ಷೇತ್ರವನ್ನೂ ಪ್ರತಿನಿಧಿಸಿದವರು ಹೆಚ್ಚಿಲ್ಲ. ಹೈದರಾಬಾದ್ ರಾಜ್ಯವನ್ನು ಭಾಷೆಗಳ ಪ್ರಕಾರ ಒಡೆದು ನೆರೆಯ ರಾಜ್ಯಗಳಿಗೆ ಸೇರಿಸಬೇಕೆಂದು ಗಟ್ಟಿಯಾಗಿ ವಾದಿಸಿದವರೂ ಅವರೇ. ಅಂದರೆ ತಮ್ಮ ರಾಜಕೀಯದ ಅಂಗಳವನ್ನೇ ಅವರು ಬಿಟ್ಟುಕೊಟ್ಟರು. ಮಂತ್ರಿಗಿರಿಯ ಹಿಂದೆ ಹೋಗಲಿಲ್ಲ. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸಮಾಧಿ ಇದೆ. ನಾಂದೇಡದ ವಿಶ್ವವಿದ್ಯಾಲಯ 1994ರಿಂದ ಅವರ ಹೆಸರಿನಲ್ಲಿದೆ. ಕಲಬುರಗಿ ಸೀಮೆಯಲ್ಲಿ ಅವರ ನೆನಪು ಇರಬೇಕಾದಷ್ಟು ಇಲ್ಲ ಎನ್ನುವುದು ಈ ಲೇಖಕನ ಅಭಿಪ್ರಾಯ.

ಅವರನ್ನು ಗುರು ಎಂದೇ ಕಂಡ ನರಸಿಂಹ ರಾವ್ ಶಿಕ್ಷಕರಾಗಿರಲಿಲ್ಲ. ಆದರೂ ಶಾಲೆಯ ವಿಷಯದಲ್ಲಿ ಅವರು ಮಾಡಿದ್ದು ಎಷ್ಟೋ ಶಿಕ್ಷಕ ಮಂತ್ರಿಗಳು ಮಾಡಿದ್ದಕ್ಕಿಂತ ಹೆಚ್ಚು. ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ 1971ರಲ್ಲಿ ಶುರುವಾದ ಸರ್ಕಾರಿ ವಸತಿ ಶಾಲೆ, ಮುಂದೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾಗಿದ್ದಾಗ ರೂಪ ಪಡೆದ ನವೋದಯ ವಿದ್ಯಾಲಯಗಳು ಇದಕ್ಕೆ ಸಾಕ್ಷಿ.

ತೆಲಂಗಾಣದ ಪ್ರೊಫೆಸರುಗಳು

ಮೇಷ್ಟ್ರುಗಳು ಹೋರಾಟಕ್ಕೆ ಇಳಿಯುವ ಚಾಳಿ ನಿಜಾಮರ ಕಾಲಕ್ಕೇ ನಿಲ್ಲಲಿಲ್ಲ. ಪ್ರತ್ಯೇಕ ತೆಲಂಗಾಣದ ವಾದವನ್ನು ದಶಕಗಳ ಕಾಲ ಅಂಕಿಅಂಶಗಳೊಂದಿಗೆ ಕಾಪಾಡಿದವರು ಕಾಕತೀಯ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಜಯಶಂಕರ್. ನೀರು, ನೌಕರಿ, ನಿಧಿ ಎಂಬ ಲೆಕ್ಕಾಚಾರ ಜನರ ಬಾಯಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಚುನಾವಣೆಯ ರಾಜಕೀಯದಿಂದ ದೂರ ಉಳಿದ ಅವರು 2011ರಲ್ಲಿ ತೀರಿಕೊಂಡರು. ರಾಜ್ಯ ಹುಟ್ಟಿದ್ದು 2014ರ ಜೂನ್ 2ರಂದು. ಈಗ ಒಂದು ಜಿಲ್ಲೆಗೆ ಅವರ ಹೆಸರಿದೆ.

ಉಸ್ಮಾನಿಯಾದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಎಂ. ಕೋದಂಡರಾಂ 2009ರ ಕೊನೆಯಲ್ಲಿ ಹುಟ್ಟಿದ ಜಂಟಿ ಕ್ರಿಯಾ ಸಮಿತಿಯ ಮುಖ್ಯಸ್ಥರಾಗಿ ಪರಸ್ಪರ ಮುಖ ನೋಡದ ಪಕ್ಷಗಳನ್ನು ಒಂದೇ ಮೇಜಿಗೆ ಕೂರಿಸಿದರು. ರಾಜ್ಯ ಬಂದಮೇಲೆ ಅಧಿಕಾರ ಹಿಡಿದವರ ಜೊತೆ ಹೊಂದಲಿಲ್ಲ. 2018ರಲ್ಲಿ ತೆಲಂಗಾಣ ಜನ ಸಮಿತಿ ಎಂಬ ಪಕ್ಷ ಕಟ್ಟಿದರು. 2021ರಲ್ಲಿ ವಾರಂಗಲ್–ಖಮ್ಮಂ–ನಲ್ಗೊಂಡ ಪದವೀಧರ ಕ್ಷೇತ್ರದಲ್ಲಿ ನಿಂತು ಸೋತರು. ಅಲ್ಲಿ ಗೆದ್ದವರು ಶಿಕ್ಷಣ ಸಂಸ್ಥೆಗಳ ಸಮೂಹವೊಂದರ ಸ್ಥಾಪಕರಾದ ಪಲ್ಲಾ ರಾಜೇಶ್ವರ ರೆಡ್ಡಿ. 2024ರಲ್ಲಿ ರಾಜ್ಯಪಾಲರ ನಾಮನಿರ್ದೇಶನದ ಮೇಲೆ ಕೋದಂಡರಾಂ ಪರಿಷತ್ತಿಗೆ ಬಂದರು, ಆ ನಾಮನಿರ್ದೇಶನದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಲಕ್ಷಾಂತರ ಜನರನ್ನು ಬೀದಿಗೆ ತರಬಲ್ಲ ಮೇಷ್ಟ್ರು ಅವರನ್ನು ಮತಗಟ್ಟೆಗೆ ತರಲಾರರು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಅವಿಭಜಿತ ಆಂಧ್ರಪ್ರದೇಶದಲ್ಲಿ ವಿಧಾನ ಪರಿಷತ್ತೇ 1985ರಿಂದ 2007ರವರೆಗೆ ಇರಲಿಲ್ಲ. ಎನ್.ಟಿ. ರಾಮರಾವ್ ಕಾಲದಲ್ಲಿ ರದ್ದಾದದ್ದು 2007ರಲ್ಲಿ ಮರಳಿ ಬಂತು. ಆ ಹೊಸ ಪರಿಷತ್ತಿಗೆ ಆರಿಸಿಬಂದವರಲ್ಲಿ ಇಬ್ಬರು ಅಪ್ಪಟ ಮೇಷ್ಟ್ರುಗಳಿದ್ದರು. ಉಸ್ಮಾನಿಯಾದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಕೆ. ನಾಗೇಶ್ವರ್ ಹೈದರಾಬಾದ್ ಭಾಗದ ಪದವೀಧರ ಕ್ಷೇತ್ರದಿಂದ ಬಂದರು. ಐಐಟಿ ಪ್ರವೇಶ ಪರೀಕ್ಷೆಗೆ ಗಣಿತ ಕಲಿಸಿ ಮನೆಮಾತಾಗಿದ್ದ ಚುಕ್ಕಾ ರಾಮಯ್ಯ ವಾರಂಗಲ್ ಭಾಗದ ಶಿಕ್ಷಕರ ಕ್ಷೇತ್ರದಿಂದ ಬಂದರು. ರಾಮಯ್ಯನವರ ತರಬೇತಿಗೆ ಸೇರಲೆಂದೇ ಬೇರೆ ಕೋಚಿಂಗ್‌ಗೆ ಹೋಗುವ ಹುಡುಗರಿದ್ದರು ಎಂದು ನಗರದಲ್ಲಿ ಈಗಲೂ ಹೇಳುತ್ತಾರೆ.

ಮಿಯಾಪುರ ಇರುವ ರಂಗಾರೆಡ್ಡಿ ಜಿಲ್ಲೆ ಮಹಬೂಬನಗರ–ರಂಗಾರೆಡ್ಡಿ–ಹೈದರಾಬಾದ್ ಕ್ಷೇತ್ರಕ್ಕೆ ಸೇರಿದೆ. 2021ರಲ್ಲಿ ಇಲ್ಲಿನ ಪದವೀಧರ ಸ್ಥಾನಕ್ಕೆ 93 ಜನ ನಿಂತಿದ್ದರು. ಮತಪತ್ರ ದಿನಪತ್ರಿಕೆಯಷ್ಟು ದೊಡ್ಡದಾಯಿತು. ನಾಗೇಶ್ವರ್ ಸೋತರು, ನರಸಿಂಹ ರಾವ್ ಅವರ ಮಗಳು ಸುರಭಿ ವಾಣಿ ದೇವಿ ಗೆದ್ದರು. 2023ರಲ್ಲಿ ಶಿಕ್ಷಕರ ಸ್ಥಾನವನ್ನು ಬಿಜೆಪಿಯ ಎ.ವಿ.ಎನ್. ರೆಡ್ಡಿ ಪಡೆದರು. ಅದಕ್ಕೂ ಮೊದಲು ಇಂಥ ಸ್ಥಾನಗಳಲ್ಲಿ ಶಿಕ್ಷಕ ಸಂಘಗಳ ಮಾತೇ ನಡೆಯುತ್ತಿತ್ತು.

ಹುಬ್ಬಳ್ಳಿಯ ಪಿ.ಟಿ. ಮೇಷ್ಟ್ರು

ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳು, 7 ಪದವೀಧರ ಕ್ಷೇತ್ರಗಳು. ಉಳಿದವುಗಳಲ್ಲಿ 25 ಸ್ಥಳೀಯ ಸಂಸ್ಥೆಗಳಿಗೆ, 25 ಶಾಸಕರಿಗೆ, 11 ನಾಮನಿರ್ದೇಶನಕ್ಕೆ. ಸಂವಿಧಾನದ 171ನೇ ವಿಧಿ ಶಿಕ್ಷಕರಿಗೆ ಹನ್ನೆರಡರಲ್ಲಿ ಒಂದು ಪಾಲು ಕೊಟ್ಟಿದೆ.

ಈ ಏಣಿಯನ್ನು ಪೂರ್ತಿ ಹತ್ತಿದವರೆಂದರೆ ಬಸವರಾಜ ಹೊರಟ್ಟಿ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದವರು 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದರು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಈ ಕ್ಷೇತ್ರವನ್ನು ಆಮೇಲೆ ಬಿಟ್ಟುಕೊಡಲೇ ಇಲ್ಲ. 2022ರಲ್ಲಿ ಎಂಟನೆಯ ಬಾರಿ ಗೆದ್ದಾಗ ಪಕ್ಷ ಬದಲಾಗಿತ್ತು, ಮತದಾರರು ಬದಲಾಗಿರಲಿಲ್ಲ. ಜನತಾ ಪರಿವಾರದಲ್ಲಿ ದಶಕಗಳ ಕಾಲ ಇದ್ದವರು ಆ ವರ್ಷ ಬಿಜೆಪಿಯ ಅಭ್ಯರ್ಥಿಯಾಗಿದ್ದರು. ಸಭಾಪತಿಯ ಪೀಠದಲ್ಲೂ ಒಂದಕ್ಕಿಂತ ಹೆಚ್ಚು ಸಲ ಕೂತರು. ಸದನದಲ್ಲಿ ಗದ್ದಲವಾದಾಗ ಸದಸ್ಯರನ್ನು ಅವರು ಗದರುವ ರೀತಿಯಲ್ಲಿ ಮೈದಾನದ ಸೀಟಿ ಇನ್ನೂ ಕೇಳಿಸುತ್ತದೆ ಎನ್ನುವ ತಮಾಷೆ ಪತ್ರಕರ್ತರ ಗ್ಯಾಲರಿಗೆ ಹೊಸದೇನಲ್ಲ.

ಅವರ ಗೆಲುವಿನ ಗುಟ್ಟು ಭಾಷಣದಲ್ಲಿ ಇಲ್ಲ. ಶಿಕ್ಷಕರ ಕ್ಷೇತ್ರದ ರಾಜಕೀಯ ಕಡತಗಳ ರಾಜಕೀಯ. ವರ್ಗಾವಣೆ, ಬಡ್ತಿ, ವೇತನ ಬಾಕಿ, ಅನುಕಂಪದ ನೇಮಕ, ಡಿಡಿಪಿಐ ಕಚೇರಿಯಲ್ಲಿ ನಿಂತ ಫೈಲು. ದೊಡ್ಡ ಪ್ರಶ್ನೆಗಳೂ ಇವೆ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಬೇಕೆಂಬ ಬೇಡಿಕೆ ಒಂದು. 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವೆಂಬ ಕೊರಗು ಇನ್ನೊಂದು. ಪ್ರತಿ ಚುನಾವಣೆಯಲ್ಲೂ ಪ್ರತಿ ಪಕ್ಷದ ಕರಪತ್ರದಲ್ಲೂ ಈ ಎರಡೂ ಇರುತ್ತವೆ.

2006–07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಸಂಪುಟದಲ್ಲಿ ಹೊರಟ್ಟಿ ಅವರು ಶಿಕ್ಷಣ ಸಚಿವರಾದಾಗ ಒಂದು ವಿಚಿತ್ರ ಸನ್ನಿವೇಶ ಬಂತು. ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಶಾಲೆಗಳ ಮಾನ್ಯತೆಗೆ ಇಲಾಖೆ ಕೈಹಾಕಿತು. ಅದೇ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ನಿರ್ಧಾರವನ್ನೂ ಮಾಡಿತು. ಸಾಹಿತಿಗಳು ಒಂದನ್ನು ಹೊಗಳಿ ಇನ್ನೊಂದನ್ನು ಬೈದರು. ಶಿಕ್ಷಕರ ಮತದಿಂದ ಬಂದ ಮಂತ್ರಿ ಶಾಲಾ ಮಾಲೀಕರನ್ನು ಎದುರು ಹಾಕಿಕೊಂಡದ್ದು ಅಪರೂಪದ ಸಂಗತಿಯಾಗಿ ದಾಖಲಾಗಬೇಕು.

ಉಳಿದ ಕ್ಷೇತ್ರಗಳ ಕಥೆ ಬೇರೆ. ನೈರುತ್ಯ ಶಿಕ್ಷಕರ ಕ್ಷೇತ್ರದಿಂದ ಸೇನೆಯಲ್ಲಿದ್ದ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ಪರಿಷತ್ತಿಗೆ ಹೋಗಿದ್ದರು. ಅವರ ನಂತರ 2018 ಮತ್ತು 2024ರಲ್ಲಿ ಗೆದ್ದ ಎಸ್.ಎಲ್. ಭೋಜೇಗೌಡರು ಚಿಕ್ಕಮಗಳೂರಿನ ವಕೀಲರು. 2022ರಲ್ಲಿ ವಾಯವ್ಯ ಕ್ಷೇತ್ರ ಗೆದ್ದ ಪ್ರಕಾಶ್ ಹುಕ್ಕೇರಿ ಶಾಸಕ, ಸಚಿವ, ಸಂಸದ ಎಲ್ಲವೂ ಆಗಿ ಬಂದವರು. 2024ರಲ್ಲಿ ದಕ್ಷಿಣ ಕ್ಷೇತ್ರದಲ್ಲಿ ಹಳಬರಾದ ಮರಿತಿಬ್ಬೇಗೌಡರನ್ನು ಸೋಲಿಸಿದ ಕೆ. ವಿವೇಕಾನಂದ ಉದ್ಯಮಿ. ಕಲ್ಯಾಣ ಕರ್ನಾಟಕದ ಈಶಾನ್ಯ ಕ್ಷೇತ್ರವನ್ನು 2020ರಲ್ಲಿ ಗೆದ್ದ ಶಶೀಲ್ ನಮೋಶಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಆಡಳಿತದಲ್ಲಿರುವವರು.

ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಮತ ಹಾಕುವವರು ಶಿಕ್ಷಕರಾಗಿರಬೇಕು ಎನ್ನುತ್ತದೆ ಸಂವಿಧಾನ. ನಿಲ್ಲುವವರು ಶಿಕ್ಷಕರಾಗಿರಬೇಕೆಂದು ಎಲ್ಲೂ ಹೇಳಿಲ್ಲ. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನಾಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ, ತಮಿಳುನಾಡಿನ ಒಂದು ಪ್ರಕರಣದಲ್ಲಿ, ತೀರ್ಪು ಕೊಟ್ಟಿದೆ. ಅದೇ ತರ್ಕ ಶಿಕ್ಷಕರ ಕ್ಷೇತ್ರಕ್ಕೂ ಅನ್ವಯಿಸುತ್ತದೆ. ಹಾಗಾಗಿ ಆಡಳಿತ ಮಂಡಳಿಯವರು ನಿಂತು, ತಮ್ಮದೇ ಸಂಸ್ಥೆಯ ಉಪನ್ಯಾಸಕರಿಂದ ಪ್ರಚಾರ ಮಾಡಿಸಿ, ಅವರದೇ ಮತ ಕೇಳುವುದಕ್ಕೆ ಅಡ್ಡಿಯಿಲ್ಲ. ಕೇಳಿದಾಗ ಇಲ್ಲ ಎನ್ನುವ ಉಪನ್ಯಾಸಕ ಎಷ್ಟು ಧೈರ್ಯಸ್ಥನಾಗಿರಬೇಕು ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಇನ್ನೊಂದು ವಿಪರ್ಯಾಸವೆಂದರೆ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಈ ಕ್ಷೇತ್ರಗಳಲ್ಲಿ ಮತವೇ ಇಲ್ಲ. ಸಂವಿಧಾನದ ಮಾತು ಪ್ರೌಢಶಾಲೆಗಿಂತ ಕೆಳಗೆ ಇಳಿಯುವುದಿಲ್ಲ.

ಬೆಳಗಾವಿಯ ಕೆಎಲ್ಇ ಸಂಸ್ಥೆಯ ಇತಿಹಾಸ ಈ ಬದಲಾವಣೆಯನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. 1916ರಲ್ಲಿ ಅದನ್ನು ಶುರುಮಾಡಿದವರು ಎಸ್.ಎಸ್. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಜನ, ಸಪ್ತರ್ಷಿಗಳೆಂದು ಹೆಸರಾದವರು. ಬಸವನಾಳರು ವಚನ ಸಾಹಿತ್ಯದ ಸಂಪಾದಕರಾಗಿ, ಮೇಷ್ಟ್ರಾಗಿ ನೆನಪಿನಲ್ಲಿದ್ದಾರೆ. ಮುಂದೆ ಅದೇ ಸಂಸ್ಥೆಯ ಕಾರ್ಯಾಧ್ಯಕ್ಷ ಪ್ರಭಾಕರ ಕೋರೆ ರಾಜ್ಯಸಭೆಗೆ ಹೋದರು.

ಶಾಲೆಯ ಹೊರಗೂ ಪಾಠ

ಚಳವಳಿಯ ದಾರಿಯಿಂದ ಬಂದವರಲ್ಲಿ ಕಯ್ಯಾರ ಕಿಞ್ಞಣ್ಣ ರೈ (1915–2015) ಅವರ ಬದುಕು ಕಾಸರಗೋಡಿನದು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರು, ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿ ಪಡೆದರು, ಕವಿಯಾಗಿ ನಾಡಿಗೆಲ್ಲ ಪರಿಚಿತರಾದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅದರ ವಿರುದ್ಧ ಎದ್ದ ದನಿಗಳಲ್ಲಿ ಅವರದು ದೊಡ್ಡದು. ಬದಿಯಡ್ಕ ಪಂಚಾಯಿತಿಗೆ ಹದಿನೈದು ವರ್ಷ ಅಧ್ಯಕ್ಷರಾಗಿದ್ದರು. ವಿಧಾನಸೌಧದ ಮೆಟ್ಟಿಲು ಹತ್ತಿದವರ ಪಟ್ಟಿಯಲ್ಲಿ ಅವರಿಲ್ಲ, ಆದರೆ ಊರಿನ ರಸ್ತೆ, ಬಾವಿ, ಶಾಲೆಗಳ ಲೆಕ್ಕದಲ್ಲಿ ನೋಡಿದರೆ ಶಿಕ್ಷಕ ರಾಜಕಾರಣಕ್ಕೆ ಪಂಚಾಯಿತಿಗಿಂತ ಸರಿಯಾದ ಜಾಗವಿಲ್ಲ ಅನಿಸುತ್ತದೆ.

ಪ್ರೊ. ಎಂ.ಡಿ. ನಂಜುಂಡಸ್ವಾಮಿ (1936–2004) ಕಾನೂನು ಕಲಿಸುತ್ತಿದ್ದವರು. 1980ರ ನರಗುಂದ–ನವಲಗುಂದ ಬಂಡಾಯದ ಕಾವಿನಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಅವರು ಮುಖವಾದರು. ಹಳ್ಳಿಗಳಲ್ಲಿ ನಡೆದ ಅಧ್ಯಯನ ಶಿಬಿರಗಳಲ್ಲಿ ಹಸಿರು ಟವೆಲ್ ಹೊದ್ದ ರೈತರು ಡಂಕೆಲ್ ಪ್ರಸ್ತಾವ, ಬೀಜದ ಪೇಟೆಂಟು, ವಿಶ್ವ ವ್ಯಾಪಾರ ಸಂಘಟನೆಗಳ ಬಗ್ಗೆ ಗಂಟೆಗಟ್ಟಲೆ ಪಾಠ ಕೇಳುತ್ತಿದ್ದರು. ಸಾಲ ವಸೂಲಿಗೆ ಬಂದ ಬ್ಯಾಂಕಿನವರ ಮುಂದೆ ಬಡ್ಡಿಯ ಲೆಕ್ಕ ಬಿಡಿಸಿ ಇಡುವ ರೈತ ತಯಾರಾದದ್ದು ಅಲ್ಲಿ. ಧಾರವಾಡದಿಂದ ವಿಧಾನಸಭೆಗೆ ಗೆದ್ದ ಅವರನ್ನು ಕೊನೆಯವರೆಗೂ ಜನ ಕರೆದದ್ದು ಪ್ರೊಫೆಸರ್ ಎಂದೇ. ಮೈಸೂರಿನಲ್ಲಿ ಕಾನೂನು ಓದಿ, ಕೆಲಕಾಲ ಕಾನೂನು ಪಾಠವನ್ನೂ ಮಾಡಿದ ಸಿದ್ದರಾಮಯ್ಯ ಮೊದಲ ಸಲ ತಾಲ್ಲೂಕು ಬೋರ್ಡಿಗೆ ನಿಂತದ್ದರ ಹಿಂದೆಯೂ ನಂಜುಂಡಸ್ವಾಮಿ ಅವರ ಒತ್ತಾಯವಿತ್ತು.

ದಲಿತ ಸಂಘರ್ಷ ಸಮಿತಿಯ ಬೇರುಗಳೂ ಕಾಲೇಜು ಕೋಣೆಯಲ್ಲಿವೆ. ಭದ್ರಾವತಿಯ ಕನ್ನಡ ಅಧ್ಯಾಪಕ ಪ್ರೊ. ಬಿ. ಕೃಷ್ಣಪ್ಪ ಅದನ್ನು ಕಟ್ಟಿದವರು. ಅವರ ಜೊತೆಗಾರ ಸಿದ್ದಲಿಂಗಯ್ಯ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದು, 1988ರಿಂದ ಎರಡು ಅವಧಿಗೆ ಪರಿಷತ್ ಸದಸ್ಯರಾದರು. ಸದನದಲ್ಲಿ ನಗಿಸುತ್ತಲೇ ಸರ್ಕಾರವನ್ನು ಸಿಕ್ಕಿಸುವುದು ಅವರಿಗೆ ಗೊತ್ತಿತ್ತು. ಚಂದ್ರಶೇಖರ ಕಂಬಾರ, ದೊಡ್ಡರಂಗೇಗೌಡ ಕೂಡ ಅಧ್ಯಾಪಕ ಕವಿಗಳ ಲೆಕ್ಕದಲ್ಲಿ ಪರಿಷತ್ತಿಗೆ ಬಂದವರು. ನಾಮನಿರ್ದೇಶನದಿಂದ ಬಂದವರಿಗೆ ಮತದಾರರ ಹಂಗಿಲ್ಲ. ಅದರ ಪೂರ್ತಿ ಉಪಯೋಗ ಮಾಡಿಕೊಂಡವರು ಕಡಿಮೆ.

ವಿದ್ವತ್ತಿನ ದಾರಿಯಿಂದ ಬಂದವರಲ್ಲಿ ಮೊದಲ ಹೆಸರು ಸಹಜವಾಗಿ ಎಸ್. ರಾಧಾಕೃಷ್ಣನ್. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಕರೆದೊಯ್ದರು. ಅವರು ಜನರ ಮತ ಕೇಳಿ ಗೆದ್ದವರಲ್ಲ, ಹಾಗಾಗಿ ಈ ಲೇಖನಕ್ಕೆ ಅಂಚಿನವರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ವಿ.ಕೆ.ಆರ್.ವಿ. ರಾವ್ 1967 ಮತ್ತು 1971ರಲ್ಲಿ ಬಳ್ಳಾರಿಯಿಂದಲೇ ಲೋಕಸಭೆಗೆ ಗೆದ್ದರು, ಕೇಂದ್ರದಲ್ಲಿ ಸಾರಿಗೆ, ಆಮೇಲೆ ಶಿಕ್ಷಣ ಸಚಿವರಾದರು. ಮಂತ್ರಿ ಪದವಿ ಹೋದಮೇಲೆ ಮರಳಿ ಸಂಸ್ಥೆ ಕಟ್ಟುವುದಕ್ಕೆ ಹೋದರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಅದರ ಫಲ. ಸಮಾಜಶಾಸ್ತ್ರದ ಪ್ರೊ. ಮುಮ್ತಾಜ್ ಅಲಿ ಖಾನ್, ಐಐಎಂನ ಬಿ.ಕೆ. ಚಂದ್ರಶೇಖರ್ ರಾಜ್ಯದಲ್ಲಿ ಸಚಿವರಾದರು, ಎಂ.ವಿ. ರಾಜೀವ್ ಗೌಡ ರಾಜ್ಯಸಭೆಗೆ ಹೋದರು. ಅಧ್ಯಾಪನ, ವಕೀಲಿ, ಕಾವ್ಯ ಮೂರರಲ್ಲೂ ಕೈಯಾಡಿಸಿದ ಸರೋಜಿನಿ ಮಹಿಷಿ 1962ರಿಂದ ಧಾರವಾಡವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಕನ್ನಡಿಗರಿಗೆ ಉದ್ಯೋಗದ ವಿಷಯದಲ್ಲಿ ಅವರ ಸಮಿತಿಯ ವರದಿ 1980ರ ದಶಕದಿಂದ ಇವತ್ತಿನವರೆಗೆ ಭಾಷಣಗಳಲ್ಲಿ ಬದುಕಿದೆ, ಜಾರಿಯಲ್ಲಿ ಅಷ್ಟಿಲ್ಲ.

ಸೋತವರ ಸಾಲೂ ಗಟ್ಟಿಯಾದದ್ದೇ. ಸಾಗರ, ಉಡುಪಿಗಳಲ್ಲಿ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು 1971ರಲ್ಲಿ ಜನಸಂಘದ ಬೆಂಬಲದಿಂದ ಲೋಕಸಭೆಗೆ ನಿಂತು ಸೋತರು. ಅವರೊಂದಿಗೆ ಸಿದ್ಧಾಂತದಲ್ಲಿ ದೂರವಿದ್ದ, ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದ ಯು.ಆರ್. ಅನಂತಮೂರ್ತಿ 2006ರಲ್ಲಿ ರಾಜ್ಯಸಭೆಗೆ ಸ್ಪರ್ಧಿಸಿ ಸೋತರು. ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ.ಎಸ್. ರಂಗಪ್ಪ 2018ರಲ್ಲಿ ಚಾಮರಾಜ ಕ್ಷೇತ್ರದಲ್ಲಿ ಸೋತರು. ತರಗತಿಯಲ್ಲಿ ಗೌರವ ಕೊಡುವ ಊರು ಮತ ಕೊಡುವಾಗ ಜಾತಿ, ಹಣ, ಪಕ್ಷಗಳ ಲೆಕ್ಕವನ್ನೇ ನೋಡುತ್ತದೆ.

ಬೇರೆ ರಾಜ್ಯಗಳಲ್ಲಿ ಮಾಯಾವತಿ ದೆಹಲಿಯ ಶಾಲಾ ಶಿಕ್ಷಕಿ, ಮುಲಾಯಂ ಸಿಂಗ್ ಯಾದವ್ ಕರಹಲ್‌ನ ಕಾಲೇಜಿನಲ್ಲಿ ಉಪನ್ಯಾಸಕ, ದ್ರೌಪದಿ ಮುರ್ಮು ರಾಯರಂಗಪುರದಲ್ಲಿ ಶಿಕ್ಷಕಿ, ಮುರಳಿ ಮನೋಹರ ಜೋಶಿ ಅಲಹಾಬಾದಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕೇರಳದ ಮಾಜಿ ಆರೋಗ್ಯ ಸಚಿವೆ ಶೈಲಜಾ ಅವರ ಹೆಸರಿನ ಜೊತೆ ಇವತ್ತಿಗೂ ಟೀಚರ್ ಎಂದು ಸೇರಿಕೊಂಡೇ ಬರುತ್ತದೆ. ಹೊರದೇಶಗಳಲ್ಲಿ ತಾಂಜಾನಿಯಾದ ಜೂಲಿಯಸ್ ನೈರೆರೆ, ಐರ್ಲೆಂಡಿನ ಡಿ ವಲೇರಾ, ಟೆಕ್ಸಾಸಿನ ಕೊಟುಲ್ಲಾ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಕಲಿಸಿದ ಲಿಂಡನ್ ಜಾನ್ಸನ್ ಇದೇ ಸಾಲಿನವರು.

ರಾಜೀನಾಮೆ ಮತ್ತು ಮತಪತ್ರ

ಸರ್ಕಾರಿ ಶಾಲೆಯ ಶಿಕ್ಷಕ ಸರ್ಕಾರಿ ನೌಕರ. ಸಂವಿಧಾನದ 102 ಮತ್ತು 191ನೇ ವಿಧಿಗಳ ಪ್ರಕಾರ ಲಾಭದ ಹುದ್ದೆಯಲ್ಲಿರುವವರು ಸಂಸತ್ತಿಗಾಗಲಿ ಶಾಸನ ಸಭೆಗಾಗಲಿ ಆರಿಸಿಬರುವಂತಿಲ್ಲ. ಸೇವಾ ನಡತೆ ನಿಯಮಗಳು ಪಕ್ಷದ ಸದಸ್ಯತ್ವವನ್ನೂ ಪ್ರಚಾರವನ್ನೂ ತಡೆಯುತ್ತವೆ. ಹಾಗಾಗಿ ನಿಲ್ಲಬೇಕೆಂದವರು ಮೊದಲು ರಾಜೀನಾಮೆಯನ್ನೋ ಸ್ವಯಂ ನಿವೃತ್ತಿಯನ್ನೋ ಕೊಡಬೇಕು. ನಾಮಪತ್ರ ಪರಿಶೀಲನೆಯ ದಿನದೊಳಗೆ ಅದು ಅಂಗೀಕಾರವಾಗಿರಬೇಕು. ಸೋತರೆ ಮರಳಿ ಬರಲು ಕೆಲಸ ಇರುವುದಿಲ್ಲ. ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆ ಹಲವೆಡೆ ರಜೆ ಹಾಕಿ ನಿಲ್ಲುವ ಅವಕಾಶವಿದೆ. ರಾಜಕೀಯದಲ್ಲಿ ಪ್ರೊಫೆಸರುಗಳು ಹೆಚ್ಚು ಕಾಣಿಸಿ ಪ್ರೈಮರಿ ಮೇಷ್ಟ್ರುಗಳು ಕಡಿಮೆ ಕಾಣಿಸುವುದಕ್ಕೆ ಇದೂ ಒಂದು ಕಾರಣ. ಕೇರಳದಲ್ಲಿ ಅನುದಾನಿತ ಶಾಲೆಗಳ ಶಿಕ್ಷಕರಿಗೆ ಬಹುಕಾಲ ವಿನಾಯಿತಿ ಇತ್ತು. ಅಲ್ಲಿನ ಹೈಕೋರ್ಟ್ 2021ರ ಫೆಬ್ರುವರಿಯಲ್ಲಿ ಅದನ್ನು ಸಂವಿಧಾನಬಾಹಿರ ಎಂದು ಹೇಳಿತು.

ಇಷ್ಟಾದರೂ ಚುನಾವಣೆ ನಡೆಯುವುದು ಶಿಕ್ಷಕರಿಂದಲೇ. ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗುವ ಬಿಎಲ್‌ಒ ಹೆಚ್ಚಾಗಿ ಶಿಕ್ಷಕಿ. ಮಸ್ಟರಿಂಗ್ ಕೇಂದ್ರದಲ್ಲಿ ಮತಯಂತ್ರದ ಪೆಟ್ಟಿಗೆ ಎಣಿಸಿಕೊಂಡು, ಮಿನಿ ಬಸ್ಸಿನಲ್ಲಿ ಹೊರಟು, ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಿನ ಜಾವ ಅಣಕು ಮತದಾನ ಮಾಡಿ ತೋರಿಸುವ ಮತಗಟ್ಟೆ ಅಧಿಕಾರಿಯೂ ಅನೇಕ ಸಲ ಮೇಷ್ಟ್ರೇ. ಯಾವ ಓಣಿಯ ಮತ ಎತ್ತ ಬೀಳುತ್ತದೆ ಎಂಬುದು ಪಕ್ಷದ ಏಜೆಂಟರಿಗಿಂತ ಇವರಿಗೆ ಚೆನ್ನಾಗಿ ಗೊತ್ತು.

ಶಿಕ್ಷಕರ ಕ್ಷೇತ್ರದಲ್ಲಿ ಮತಯಂತ್ರ ಇರುವುದಿಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ, ಅಭ್ಯರ್ಥಿಯ ಹೆಸರಿನ ಮುಂದೆ, ಪ್ರಾಶಸ್ತ್ಯದ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. ಕನ್ನಡ ಅಂಕಿ ನಡೆಯುತ್ತದೆ, ರೋಮನ್ ಅಂಕಿಯೂ ನಡೆಯುತ್ತದೆ. ಒಂದು ಎಂದು ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಟಿಕ್ ಹಾಕಿದರೆ, ಸಹಿ ಮಾಡಿದರೆ, ಎರಡು ಹೆಸರಿನ ಮುಂದೆ 1 ಬರೆದರೆ ಮತ ಅಸಿಂಧು. ಸಿಂಧುವಾದ ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಬಂದರೆ ಗೆಲುವು. ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಎರಡನೇ ಪ್ರಾಶಸ್ತ್ಯಗಳನ್ನು ಹಂಚುತ್ತ ಹೋಗುತ್ತಾರೆ, ಎಣಿಕೆ ಮರುದಿನಕ್ಕೂ ಸಾಗುವುದುಂಟು. ಮಕ್ಕಳ ಉತ್ತರ ಪತ್ರಿಕೆಗೆ ಸೂಚನೆ ಓದಿ ಬರೆಯಿರಿ ಎಂದು ಷರಾ ಹಾಕುವವರೇ ಮತ ಹಾಕುವ ಈ ಚುನಾವಣೆಯಲ್ಲೂ ಅಸಿಂಧು ಮತಗಳು ಎಣಿಕೆಯ ಮೇಜಿನ ಮೇಲೆ ಗುಡ್ಡೆ ಬೀಳುತ್ತವೆ.

ಮತದಾರರ ಪಟ್ಟಿಯ ನಿಯಮವೂ ಬೇರೆ. ಕಳೆದ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಆ ರಾಜ್ಯದ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಪಾಠ ಹೇಳಿರಬೇಕು, ಆ ಕ್ಷೇತ್ರದಲ್ಲೇ ವಾಸವಿರಬೇಕು. ಬೀದರಿನಿಂದ ಬಂದು ಮಿಯಾಪುರದ ಕಾಲೇಜಿನಲ್ಲಿ ಕಲಿಸುತ್ತಿರುವವರಿಗೆ ಮತ ತೆಲಂಗಾಣದಲ್ಲಿ, ಊರಿನಲ್ಲಿ ಮನೆಯಿದ್ದರೂ ಈಶಾನ್ಯ ಕ್ಷೇತ್ರದಲ್ಲಿ ಇಲ್ಲ. ಹಿಂದಿನ ಚುನಾವಣೆಯ ಪಟ್ಟಿ ಮುಂದುವರಿಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ತಯಾರಾಗುತ್ತದೆ. ಹೋದ ಸಲ ಮತ ಹಾಕಿದ ಶಿಕ್ಷಕರೂ ಚುನಾವಣೆಯ ಹಿಂದಿನ ನವೆಂಬರ್ 1ನ್ನು ಅರ್ಹತಾ ದಿನವೆಂದು ಲೆಕ್ಕ ಹಿಡಿದು, ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರದೊಂದಿಗೆ ನಮೂನೆ 19ನ್ನು ಮತ್ತೆ ತುಂಬಿ ಕೊಡಬೇಕು.